ತಲಘಟ್ಟಪುರದ ಮೇಲೆ ಒಂದು ಚಕ್ರ ಕಡಿಮೆ

ವಿಮಾನ ನೆಲ ಬಿಟ್ಟು ಮೇಲಕ್ಕೆದ್ದಿತು. ಅದರ ಎಡಗಡೆಯ ಚಕ್ರ ಮಾತ್ರ ಏಳಲಿಲ್ಲ. ಅದು ತನ್ನ ಪಾಡಿಗೆ ತಾನು ಉರುಳಿಕೊಂಡು ಬಂದು, ರನ್‌ವೇ ಅಂಚಿನ ಹುಲ್ಲಿನಲ್ಲಿ ಒಂದೆರಡು ಸುತ್ತು ಹಾಕಿ, ಮಗ್ಗುಲಾಗಿ ಬಿದ್ದುಕೊಂಡಿತು.

ನಾವು ಕೆಳಗೆ ನಾಲ್ಕು ಜನ ನಿಂತಿದ್ದೆವು. ಕ್ಲಬ್ಬಿನಲ್ಲಿ ಹಾರಾಟ ಕಲಿಸುತ್ತಿದ್ದ ನಾನು. ಜಯನಗರದಲ್ಲಿ ಹಲ್ಲಿನ ಡಾಕ್ಟರಾಗಿದ್ದ ನಮ್ಮ ಕಾರ್ಯದರ್ಶಿ. ವಾರವೆಲ್ಲ ಬನಶಂಕರಿಯಲ್ಲಿ ಸ್ಕೂಟರ್ ಗ್ಯಾರೇಜ್ ನೋಡಿಕೊಂಡು ಭಾನುವಾರ ನಮ್ಮ ಎಂಜಿನ್‌ಗಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್. ಮತ್ತೆ ಅವತ್ತು ಮಗಳ ಹಾರಾಟ ನೋಡಲೆಂದು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದ ರಿಟೈರ್ಡ್ ಗಣಿತದ ಮೇಷ್ಟ್ರು. ಅವರ ಮಗಳೇ ಮೇಲೆ ಇದ್ದವಳು. ಬ್ಯಾಂಕಿನಲ್ಲಿ ಕೆಲಸ, ನೆಲ ಬಿಟ್ಟು ಪೂರ್ತಿ ಒಂದು ಸುತ್ತು ಹಾರಿ ಇಳಿಯುವುದು ಅವಳಿಗೆ ಅವತ್ತೇ ಮೊದಲು.

ಎಂಬತ್ತರ ದಶಕದ ನಡುವಿನ ಮಾತು. ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿದ ಮೇಲೆ ಆಗ ಬರೀ ಹೊಲ, ತೋಪು, ಬಂಡೆ. ಅಲ್ಲಿ ಒಂದು ಹುಲ್ಲಿನ ಬಯಲಿನ ನಡುವೆ ಮಣ್ಣು ಮಟ್ಟಮಾಡಿ ನಾವು ರನ್‌ವೇ ಮಾಡಿಕೊಂಡಿದ್ದೆವು. ನಮ್ಮಲ್ಲಿ ಇದ್ದದ್ದು ಎರಡು ಅಲ್ಟ್ರಾಲೈಟ್. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಮೇಲೆ ಬಿಗಿದ ಬಟ್ಟೆಯ ರೆಕ್ಕೆ, ಬೆನ್ನ ಹಿಂದೆ ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುವ ಪುಟ್ಟ ಎಂಜಿನ್, ಅದರ ಹಿಂದೆ ಪ್ರೊಪೆಲರ್. ಪೈಲಟ್ ಕೂರುವುದು ಎಲ್ಲಕ್ಕಿಂತ ಮುಂದೆ, ಬಯಲಲ್ಲಿ. ಎರಡರಲ್ಲೂ ಒಂದೊಂದೇ ಸೀಟು. ಅಂದರೆ ಕಲಿಯುವವರು ಮೊದಲ ದಿನದಿಂದಲೂ ಒಬ್ಬರೇ. ಮೊದಲು ನೆಲದ ಮೇಲೆ ಓಡಿಸುವುದು, ಆಮೇಲೆ ಆಳೆತ್ತರ ಎದ್ದು ಕೂಡಲೇ ಇಳಿಯುವುದು, ಅದೆಲ್ಲ ಕೈಗೆ ಹತ್ತಿದ ಮೇಲೆ ಪೂರ್ತಿ ಸುತ್ತು. ನಾನು ಪಕ್ಕದಲ್ಲಿ ಕೂತು ಕೈ ಹಿಡಿಯುವ ಹಾಗಿಲ್ಲ. ನಮ್ಮ ಹತ್ತಿರ ರೇಡಿಯೋನೂ ಇರಲಿಲ್ಲ.

"ಸಾರ್, ಚಕ್ರ!" ಅಂತ ಮೆಕ್ಯಾನಿಕ್ ಕೂಗಿಕೊಂಡೇ ಓಡಿದ. ಅದನ್ನು ಎತ್ತಿಕೊಂಡು ಬಂದು ನನ್ನ ಮುಂದೆ ಹಿಡಿದ. ಚಕ್ರಕ್ಕೆ ಏನೂ ಆಗಿರಲಿಲ್ಲ. ಅದನ್ನು ಹಿಡಿದಿದ್ದ ಬೋಲ್ಟ್ ಕತ್ತರಿಸಿ ಹೋಗಿತ್ತು. ಓಡುವಾಗ ಯಾವುದೋ ಕಲ್ಲಿಗೆ ಹೊಡೆದಿರಬೇಕು.

"ಏನಾಯ್ತು ಸಾರ್? ಅದು ಇಲ್ಲದೇ ಇದ್ರೂ ನಡಿಯತ್ತಾ?" ಮೇಷ್ಟ್ರು ಕೇಳಿದರು.

"ಹಾರೋದಕ್ಕೆ ಏನೂ ತೊಂದರೆ ಇಲ್ಲ ಮೇಷ್ಟ್ರೇ. ಇಳಿಯೋದಕ್ಕೆ ತೊಂದರೆ."

ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಎಂದಿನಂತೆ ಎರಡೂ ಕಡೆ ಸಮನಾಗಿ ಇಳಿದರೆ ಎಡಗಡೆ ಚಕ್ರ ಕಳಚಿ ಉಳಿದ ಮೊಂಡು ಸರಳು ಮಣ್ಣಿಗೆ ನಾಟಿಕೊಳ್ಳುತ್ತದೆ. ಆ ವೇಗದಲ್ಲಿ ನಾಟಿಕೊಂಡರೆ ವಿಮಾನ ಮುಂದಕ್ಕೆ ಮಗುಚುತ್ತದೆ. ಮೊದಲು ನೆಲಕ್ಕೆ ಬಡಿಯುವುದು ಪೈಲಟ್, ಅವಳ ಮೇಲೆ ಬೀಳುವುದು ಕಾದ ಎಂಜಿನ್ ಮತ್ತು ಪೆಟ್ರೋಲ್ ಟ್ಯಾಂಕು. ಮೇಲಿದ್ದವಳಿಗೆ ಇದು ಯಾವುದೂ ಗೊತ್ತಿಲ್ಲ. ಚಕ್ರಗಳು ಸೀಟಿನ ಹಿಂದೆ ಕೆಳಗಿರುತ್ತವೆ, ಬೆಲ್ಟು ಹಾಕಿ ಕೂತವರಿಗೆ ಮೂಗಿನ ಚಕ್ರ ಬಿಟ್ಟು ಬೇರೇನೂ ಕಾಣುವುದಿಲ್ಲ. ಅವಳು ಆಗಲೇ ತೋಪಿನ ಮೇಲೆ ಸೊಗಸಾಗಿ ತಿರುಗಿಕೊಂಡು, ನಮ್ಮ ಕಡೆ ನೋಡಿ ಕೈಬೀಸುತ್ತಿದ್ದಳು.

ಮೊದಲು ಮಾಡಬೇಕಾದದ್ದು ಅವಳು ಇಳಿಯದ ಹಾಗೆ ನೋಡಿಕೊಳ್ಳುವುದು. ರನ್‌ವೇ ಪಕ್ಕದಲ್ಲಿ ನಾವು ಬಿಳಿ ಬಟ್ಟೆಯ ಎರಡು ಉದ್ದ ಪಟ್ಟಿ ಹಾಸಿರುತ್ತಿದ್ದೆವು. ಟಿ ಆಕಾರದಲ್ಲಿದ್ದರೆ ಇಳಿಯಬಹುದು, ಗುಣಾಕಾರದ ಚಿಹ್ನೆ ಆಗಿದ್ದರೆ ಇಳಿಯಕೂಡದು, ಸುತ್ತುತ್ತಿರಬೇಕು.

"ಮೇಷ್ಟ್ರೇ, ಆ ಬಟ್ಟೆನ ಇಂಟೂ ಮಾರ್ಕ್ ಮಾಡಿ. ಬೇಗ!"

ಅವರು ಪಂಚೆ ಎತ್ತಿ ಕಟ್ಟಿ ಓಡಿದ ರಭಸ ನೋಡಬೇಕಿತ್ತು. ಒಂದು ಪಟ್ಟಿಯ ತುದಿ ಅವರು ಹಿಡಿದರು, ಇನ್ನೊಂದು ತುದಿ ಕಾರ್ಯದರ್ಶಿ. ಹಾಸಿ ಮುಗಿಸುವಷ್ಟರಲ್ಲಿ ಅವಳು ಇಳಿಯಲು ರನ್‌ವೇ ನೇರಕ್ಕೆ ಬಂದಾಗಿತ್ತು. ಎಂಜಿನ್ ಸದ್ದು ಕಡಿಮೆಯಾಯಿತು. ಅಷ್ಟರಲ್ಲಿ ಎಂಜಿನ್ ಮತ್ತೆ ಗುಂಯ್ ಅಂತ ಏರಿತು. ಅವಳು ನಮ್ಮ ತಲೆಯ ಮೇಲೇ ಹಾದು ಎತ್ತರಕ್ಕೆ ಹೋದಳು. ಚಿಹ್ನೆ ಕಂಡಿತ್ತು! ರನ್‌ವೇ ಮೇಲೆ ದನ ಬಂದಿವೆ ಎಂದುಕೊಂಡಿರುತ್ತಾಳೆ, ಎಂದುಕೊಳ್ಳಲಿ. ಟ್ಯಾಂಕಿನಲ್ಲಿ ಪೆಟ್ರೋಲ್ ಇರುವ ತನಕ ನಮಗೆ ಸಮಯ ಸಿಕ್ಕಿತು.

ಈಗ ನಿಜವಾದ ಪ್ರಶ್ನೆ. ಕಾರ್ಯದರ್ಶಿ ನನ್ನನ್ನು ಪಕ್ಕಕ್ಕೆ ಕರೆದರು.

"ನೋಡಿ, ಒಂದು ಮಾತು. ಅವಳಿಗೆ ಹೇಳದೇ ಇರೋದೇ ಒಳ್ಳೇದೇನೋ. ಗೊತ್ತಿಲ್ಲದೇ ಇದ್ರೆ ಧೈರ್ಯವಾಗಿ ಇಳೀತಾಳೆ. ಗೊತ್ತಾದ್ರೆ ಗಾಬರಿ ಆಗಿ ಕೈ ನಡುಗತ್ತೆ. ನಾನು ದಿನಾ ನೋಡ್ತೀನಲ್ಲ, ಸೂಜಿ ತೋರಿಸಿದ್ರೆ ಅರ್ಧ ಜನಕ್ಕೆ ತಲೆ ತಿರುಗತ್ತೆ."

ಅವರು ಹೇಳಿದ್ದರಲ್ಲಿ ಹುರುಳಿಲ್ಲ ಅಂತ ಅಲ್ಲ. ಆದರೆ ಕುರ್ಚಿಯಲ್ಲಿ ಬಾಯಿ ತೆಗೆದು ಕೂತ ರೋಗಿ ಏನೂ ಮಾಡಬೇಕಾಗಿಲ್ಲ, ಮಾಡುವುದೆಲ್ಲ ಡಾಕ್ಟರೇ. ಇಲ್ಲಿ ಮಾಡಬೇಕಾದವಳು ಅವಳೊಬ್ಬಳೇ. ಒಂದು ಚಕ್ರದ ಮೇಲೆ ಇಳಿಸುವ ರೀತಿ ಇದೆ. ಬಲಗಡೆ ರೆಕ್ಕೆ ತುಸು ಬಗ್ಗಿಸಿ, ಬಲಚಕ್ರವನ್ನು ಮಾತ್ರ ಮುಟ್ಟಿಸಿ, ವೇಗ ಪೂರ್ತಿ ಸಾಯುವ ತನಕ ಎಡಗಡೆಯನ್ನು ಗಾಳಿಯಲ್ಲೇ ಎತ್ತಿ ಹಿಡಿಯಬೇಕು. ಓರೆಗಾಳಿ ಬೀಸುವಾಗ ಇಳಿಯುವುದೂ ಹೀಗೇ. ಅವತ್ತು ಗಾಳಿಯೂ ಬಲಗಡೆಯಿಂದಲೇ ತುಸು ಓರೆಯಾಗಿ ಬರುತ್ತಿತ್ತು, ಅದೊಂದು ಅದೃಷ್ಟ. ತೊಂದರೆ ಏನೆಂದರೆ ಆ ಪಾಠ ಅವಳಿಗೆ ಇನ್ನೂ ಆಗಿರಲಿಲ್ಲ.

"ಹೇಳ್ಲೇಬೇಕು," ಅಂದೆ. "ಬರೀ ಹೇಳೋದಲ್ಲ, ಕಲಿಸ್ಬೇಕು. ಈಗಲೇ, ಮೇಲೇ."

"ಹೇಗ್ರೀ ಕಲಿಸ್ತೀರ?"

"ಇನ್ನೊಂದು ಮೆಷೀನ್ ತಗೊಂಡು ಹೋಗ್ತೀನಿ. ಅವಳ ಮುಂದೆ ಮಾಡಿ ತೋರಿಸ್ತೀನಿ."

ಮೆಕ್ಯಾನಿಕ್ ನನ್ನ ಮುಖ ನೋಡಿದ. ಎರಡನೇ ವಿಮಾನದ ಕಾರ್ಬ್ಯುರೇಟರ್ ಅವನು ಬೆಳಗ್ಗೆಯಷ್ಟೇ ಬಿಚ್ಚಿ ತೊಳೆಯುತ್ತಿದ್ದ. ಬಟ್ಟೆಯ ಮೇಲೆ ಬಿಡಿಭಾಗಗಳು ಹರಡಿಕೊಂಡು ಬಿದ್ದಿದ್ದವು.

"ಕೂಡಿಸಿಬಿಡ್ತೀನಿ ಸಾರ್," ಎಂದು ಹೋಗಿ ಮಂಡಿಯೂರಿ ಕೂತ. ಅಷ್ಟು ವೇಗವಾಗಿ ಆ ಬೆರಳುಗಳು ಓಡಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಾನು ಅಷ್ಟರಲ್ಲಿ ಬಿದ್ದಿದ್ದ ಚಕ್ರ ತಂದು, ನನ್ನ ಕಾಲಿನ ಹತ್ತಿರದ ಮುಂದಿನ ಕೊಳವೆಗೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಕೈಯಲ್ಲಿ ಹಿಡಿದು ತೋರಿಸೋಣ ಅಂತ ಮೊದಲು ಅನ್ನಿಸಿತ್ತು. ಕೈ ಜಾರಿದರೆ ಹಿಂದಿನ ಪ್ರೊಪೆಲರಿಗೆ ಹೋಗಿ ಬಡಿಯುತ್ತದೆ, ಆಮೇಲೆ ಇಳಿಸಬೇಕಾದವರು ಇಬ್ಬರಾಗುತ್ತಾರೆ. ಅದಕ್ಕೇ ಎರಡು ಪಟ್ಟಿ ಸುತ್ತಿ, ಎಳೆದು, ಅಲ್ಲಾಡಿಸಿ ನೋಡಿದೆ.

"ಆಯ್ತು ಸಾರ್, ಹತ್ತಿ!" ಮೆಕ್ಯಾನಿಕ್ ಕೂಗಿದ.

ಮೇಲೆ ಅವಳು ಸುತ್ತುತ್ತಿದ್ದಳು. ಮೇಷ್ಟ್ರು ತಲೆ ಎತ್ತಿ ಅವಳ ಜೊತೆಗೇ ತಿರುಗುತ್ತಿದ್ದರು. ನಾನು ಸೀಟಿನ ಕೊಳವೆ ಹಿಡಿದು ಒಂದು ಕಾಲು ಮೇಲಿಟ್ಟೆ. ಮತ್ತೆ ಇಳಿಸಿದೆ.

ಹಾರುವ ಮೊದಲು ಮೂಗಿನಿಂದ ಬಾಲದ ತನಕ ಒಂದು ಸುತ್ತು ಬಂದು, ಒಂದೊಂದು ಪಿನ್ನು, ತಂತಿ, ಬೋಲ್ಟು ಮುಟ್ಟಿ ನೋಡುವುದು ನಮ್ಮ ಕ್ಲಬ್ಬಿನ ಕಟ್ಟುನಿಟ್ಟು. ಕಲಿಯುವವರಿಗೆ ಅದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಆದರೆ ಆ ಹೊತ್ತಿಗೆ ಮೈಯೆಲ್ಲ ಹೋಗು ಹೋಗು ಅನ್ನುತ್ತಿದೆ. ನೋಡುತ್ತಾ ನಿಂತಷ್ಟೂ ಮೇಲೆ ಅವಳ ಪೆಟ್ರೋಲ್ ಖರ್ಚಾಗುತ್ತಿದೆ.

"ಏನ್ ಸಾರ್ ನಿಂತ್ಬಿಟ್ರಿ?"

"ಪೂರ್ತಿ ಚೆಕ್ ಮಾಡ್ತೀನಿ."

"ಈಗಲಾ?" ಕಾರ್ಯದರ್ಶಿಯ ದನಿ ಏರಿತು. "ಅಲ್ರೀ, ಆ ಹುಡುಗಿ ಮೇಲಿದಾಳೆ!"

"ಅದಕ್ಕೇ. ನಾನೂ ಬಿದ್ರೆ ಅವಳಿಗೆ ಯಾರು ತೋರಿಸ್ತಾರೆ?"

ಮೂಗಿನಿಂದ ಶುರು ಮಾಡಿದೆ. ಓಡಲಿಲ್ಲ, ಒಂದನ್ನೂ ಬಿಡಲಿಲ್ಲ. ರೆಕ್ಕೆಯ ತಂತಿ, ಪಿನ್ನು, ಪೆಡಲು ತುಳಿದು ತಿರುಗಿಸುವ ಬಾಲದ ಚುಕ್ಕಾಣಿ, ಅಂದರೆ ರಡರಿನ ಕೀಲು. ಕೊನೆಗೆ ಎಂಜಿನ್. ಪೆಟ್ರೋಲ್ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಅದು ಕಾರ್ಬ್ಯುರೇಟರಿನಿಂದ ಕಳಚಿಕೊಂಡು ನನ್ನ ಕೈಗೆ ಬಂತು. ಕ್ಲಿಪ್ ಹಾಕುವುದು ಮರೆತುಹೋಗಿತ್ತು.

ಮೆಕ್ಯಾನಿಕ್ ಬಗ್ಗಿ ನನ್ನ ಕೈಯಲ್ಲಿದ್ದ ಕೊಳವೆ ನೋಡಿದ. ಇಬ್ಬರಿಗೂ ಗೊತ್ತಿತ್ತು. ಎಂಜಿನ್ ಅದುರುವುದಕ್ಕೆ ಆ ಕೊಳವೆ ತೋಪಿನ ಮೇಲೆ ಏರುವಾಗಲೇ ಕಳಚಿಕೊಳ್ಳುತ್ತಿತ್ತು. ಅವನು ಬಟ್ಟೆಯ ಮಡಿಕೆಯಿಂದ ಕ್ಲಿಪ್ ಹುಡುಕಿ ತೆಗೆದು ಬಿಗಿದ. ನಾನು ಎಳೆದು ನೋಡಿದೆ. ಬರಲಿಲ್ಲ. ಹತ್ತಿ ಬೆಲ್ಟು ಕಟ್ಟಿಕೊಂಡೆ. ಎಂಜಿನ್ ಹಗ್ಗದ ಒಂದೇ ಎಳೆತಕ್ಕೆ ಶುರುವಾಯಿತು!

ಹೊರಡುವಾಗ ರನ್‌ವೇ ಬಲ ಅಂಚನ್ನು ಹಿಡಿದೇ ಓಡಿಸಿದೆ. ಅವಳು ಓಡಿಸಿದ್ದು ನಡುವೆ, ಆ ಕಲ್ಲು ಅಲ್ಲಿ ಎಲ್ಲಿದೆಯೋ ಗೊತ್ತಿಲ್ಲವಲ್ಲ. ನೆಲ ಬಿಟ್ಟ ಕೂಡಲೇ ಚಳಿಗಾಳಿ ಮುಖಕ್ಕೆ ಹೊಡೆಯಿತು. ತಲಘಟ್ಟಪುರದ ಕಡೆ ಮಂಜು ಇನ್ನೂ ತಗ್ಗಿನಲ್ಲಿ ಕೂತಿತ್ತು, ಅದರೊಳಗಿಂದ ತೆಂಗಿನ ತಲೆಗಳಷ್ಟೇ ಕಾಣುತ್ತಿದ್ದವು. ಬೇರೆ ದಿನವಾಗಿದ್ದರೆ ಅದನ್ನೇ ನೋಡುತ್ತಾ ಇರುತ್ತಿದ್ದೆ. ಅವತ್ತು ನನ್ನ ಕಣ್ಣು ಒಂದೇ ಒಂದು ಹಳದಿ ರೆಕ್ಕೆಯ ಮೇಲಿತ್ತು.

ಇನ್ನೊಂದು ವಿಮಾನ ಹತ್ತಿರ ಬರುವುದನ್ನು ಅವಳು ಅದುವರೆಗೆ ಕಂಡವಳಲ್ಲ. ಹಿಂದಿನಿಂದ ಹೋಗಿ ಪಕ್ಕಕ್ಕೆ ನುಗ್ಗಿದರೆ ಬೆಚ್ಚಿಬಿದ್ದು ಎತ್ತಲಾದರೂ ತಿರುಗಿಸಿಬಿಡಬಹುದು. ಅದಕ್ಕೆ ದೂರದಲ್ಲೇ ಅವಳಿಗಿಂತ ಮುಂದೆ ಹೋಗಿ, ಕಣ್ಣಿಗೆ ಬಿದ್ದೆ ಅಂತ ಖಾತ್ರಿಯಾದ ಮೇಲೆ, ಸ್ವಲ್ಪ ಸ್ವಲ್ಪವಾಗಿ ಅವಳ ಎಡಗಡೆಗೆ ಸರಿದೆ. ಮುಖ ಕಾಣುವಷ್ಟು ಹತ್ತಿರ ಆಯಿತು. ಅವಳು ನಕ್ಕಳು! ಮೊದಲ ಹಾರಾಟಕ್ಕೆ ಶಭಾಷ್ ಹೇಳಲು ಬಂದಿದ್ದೇನೆ ಎಂದುಕೊಂಡಳೋ ಏನೋ.

ನಾನು ನಗಲಿಲ್ಲ. ಕಾಲ ಬಳಿ ಕಟ್ಟಿದ್ದ ಚಕ್ರವನ್ನು ಬೆರಳಿಟ್ಟು ತೋರಿಸಿದೆ. ಆಮೇಲೆ ಅವಳ ಕಡೆ ತೋರಿಸಿ, ನನ್ನ ಎಡ ತೊಡೆಯನ್ನು ಜೋರಾಗಿ ತಟ್ಟಿಕೊಂಡೆ. ಅವಳಿಗೆ ಅರ್ಥವಾಗಲಿಲ್ಲ. ಮತ್ತೆ ಚಕ್ರ, ಮತ್ತೆ ಅವಳು, ಮತ್ತೆ ಎಡ ತೊಡೆ. ಅವಳು ನನ್ನ ವಿಮಾನದ ಕೆಳಗೆ ನೋಡಿದಳು. ಮೂರೂ ಚಕ್ರ ಇವೆ. ಹಾಗಾದರೆ ಕೊಳವೆಗೆ ಕಟ್ಟಿರುವುದು ಯಾರದ್ದು? ಆ ಪ್ರಶ್ನೆ ಅವಳ ಮುಖದ ಮೇಲೆ ಬಂದದ್ದು ನನಗೆ ಎದುರಿಗೆ ಕೂತ ಹಾಗೆ ಕಂಡಿತು. ನಗು ಹೋಯಿತು. ಎಡಕ್ಕೆ ಬಗ್ಗಿ ನೋಡಲು ಪ್ರಯತ್ನಪಟ್ಟಳು, ಬೆಲ್ಟು ಬಿಡಲಿಲ್ಲ. ವಿಮಾನ ಒಂದು ಸಲ ತೂಗಿತು. ಆಮೇಲೆ ನೇರವಾಯಿತು. ಅವಳು ನನ್ನ ಕಡೆ ತಿರುಗಿ, ಒಂದೇ ಒಂದು ಸಲ, ನಿಧಾನವಾಗಿ ತಲೆಯಾಡಿಸಿದಳು.

ಆ ತಲೆಯಾಡಿಸುವಿಕೆ ನೋಡಿದ ಮೇಲೆ ನನಗೆ ಧೈರ್ಯ ಬಂತು. ನನ್ನ ಹಿಂದೆ ಬಾ ಎಂದು ಕೈಸನ್ನೆ ಮಾಡಿದೆ.

ಇಬ್ಬರೂ ಹೊರಟೆವು, ಮುಂದೆ ನಾನು, ಸಾಕಷ್ಟು ದೂರ ಬಿಟ್ಟು ಹಿಂದೆ ಅವಳು. ರನ್‌ವೇ ಎಡಗಡೆಯ ಹುಲ್ಲು ಇಬ್ಬನಿಯಲ್ಲಿ ಒದ್ದೆಯಾಗಿತ್ತು. ಮಣ್ಣಿನ ಮೇಲೆ ನಾಟುವ ಸರಳು ಒದ್ದೆ ಹುಲ್ಲಿನ ಮೇಲೆ ಜಾರುತ್ತದೆ ಎಂಬ ಲೆಕ್ಕದಲ್ಲಿ ಆ ಹುಲ್ಲಿನ ಸಾಲನ್ನೇ ಹಿಡಿದೆ. ಬಲ ರೆಕ್ಕೆ ಬಗ್ಗಿಸಿದೆ. ಅವಳಿಗೆ ಕಾಣಲಿ ಎಂದು ಬೇಕಾದ್ದಕ್ಕಿಂತ ಮೊದಲೇ ಬಗ್ಗಿಸಿದೆ. ಬಲಕ್ಕೆ ಎಳೆಯುವ ವಿಮಾನವನ್ನು ಎಡ ರಡರಿನಿಂದ ನೇರ ಹಿಡಿದು ಇಳಿಯುತ್ತಾ ಬಂದು ಬಲಚಕ್ರವೊಂದನ್ನೇ ಹುಲ್ಲಿಗೆ ಮುಟ್ಟಿಸಿ, ಒಂಟಿ ಕಾಲಲ್ಲೇ ಓಡಿಸಿ, ಮತ್ತೆ ಮೇಲಕ್ಕೆತ್ತಿದೆ. ತಿರುಗಿ ನೋಡಿದರೆ ಅವಳು ಹಿಂದೆ, ಎತ್ತರದಲ್ಲಿ, ಬಲ ರೆಕ್ಕೆ ಬಗ್ಗಿಸಿ ಎತ್ತಿ, ಬಗ್ಗಿಸಿ ಎತ್ತಿ ಅಭ್ಯಾಸ ಮಾಡುತ್ತಿದ್ದಾಳೆ!

"ಹಾಗೆ! ಹಾಗೇನೇ!" ಎಂದು ಕೂಗಿಕೊಂಡೆ. ಕೇಳುವವರು ಯಾರೂ ಇರಲಿಲ್ಲ.

ಇನ್ನೊಂದು ಸಲ ತೋರಿಸಿದೆ. ಮತ್ತೆ ಪಕ್ಕಕ್ಕೆ ಬಂದು, ಎಂಜಿನ್ ಸ್ವಿಚ್ಚಿನ ಮೇಲೆ ಕೈಯಿಟ್ಟು, ಕತ್ತಿನ ಮೇಲೆ ಬೆರಳೆಳೆದು, ನೆಲದ ಕಡೆ ತೋರಿಸಿದೆ. ಮುಟ್ಟುವ ಮೊದಲು ಆಫ್ ಮಾಡು ಅಂತ. ಅವಳೂ ತನ್ನ ಸ್ವಿಚ್ ಮುಟ್ಟಿ ತೋರಿಸಿದಳು. ಆಮೇಲೆ ಟ್ಯಾಂಕಿನ ಕಡೆ ಬೆರಳು ಮಾಡಿ, ಎರಡು ಬೆರಳ ಸಂದು ಕಿರಿದು ಮಾಡಿದಳು. ಇನ್ನು ತಡಮಾಡುವ ಹಾಗಿರಲಿಲ್ಲ. ನಾನು ಇಳಿದು, ವಿಮಾನವನ್ನು ಪೂರ್ತಿ ಪಕ್ಕಕ್ಕೆ ಸರಿಸಿ, ಬೆಲ್ಟು ಬಿಚ್ಚಿ ಓಡಿದೆ. ಮೇಷ್ಟ್ರು ಆಗಲೇ ಬಟ್ಟೆಯನ್ನು ಟಿ ಮಾಡಿ, ತಮ್ಮ ತುದಿಯನ್ನು ಇನ್ನೂ ಹಿಡಿದುಕೊಂಡೇ ಕೂತಿದ್ದರು. ಮೆಕ್ಯಾನಿಕ್ ಬೆಂಕಿ ಆರಿಸಲು ಮರಳಿನ ಬಕೆಟ್ ಹಿಡಿದು ನಿಂತಿದ್ದ. ಕಾರ್ಯದರ್ಶಿ ಕಾರನ್ನು ರಸ್ತೆಯ ಕಡೆ ತಿರುಗಿಸಿ, ಬಾಗಿಲು ತೆಗೆದಿಟ್ಟಿದ್ದರು.

ಅವಳು ಹುಲ್ಲಿನ ಸಾಲಿನ ನೇರಕ್ಕೆ ಬಂದಳು. ಬಲ ರೆಕ್ಕೆ ಬಗ್ಗಿತು. ಆದರೆ ರಡರ್ ಸಾಲಲಿಲ್ಲ. ವಿಮಾನ ಬಲಕ್ಕೆ ಜಾರುತ್ತಾ ಜಾರುತ್ತಾ ಬಯಲಿನ ಬಲ ಅಂಚಿನಲ್ಲಿದ್ದ ನೀಲಗಿರಿ ಮರಗಳ ಕಡೆ ಹೊರಟಿತು. "ಬೇಡ, ಬೇಡ, ಬೇಡ," ಎಂದು ಮೆಕ್ಯಾನಿಕ್ ಗೊಣಗುತ್ತಿದ್ದ. ನನಗೆ ಅತ್ಯಂತ ಭಯವಾದದ್ದು ಆ ಕ್ಷಣವೇ. ಪೆಟ್ರೋಲ್ ಮುಗಿಯುತ್ತಿದೆ ಎಂದು ಗೊತ್ತಿರುವವರು ಹೇಗಾದರೂ ಇಳಿದುಬಿಡೋಣ ಎಂದು ಹಟ ಹಿಡಿಯುತ್ತಾರೆ. ಅವಳು ಹಿಡಿಯಲಿಲ್ಲ. ಎಂಜಿನ್ ಪೂರ್ತಿ ಕೊಟ್ಟು, ರೆಕ್ಕೆ ಸಮ ಮಾಡಿ, ಮರಗಳನ್ನು ಎಡಕ್ಕೆ ತಪ್ಪಿಸಿ ಮೇಲೆ ಹೋದಳು. ನಾನು ಹೇಳಿಕೊಡದ, ಸನ್ನೆ ಮಾಡದ ನಿರ್ಧಾರ ಅದು. ಪೂರ್ತಿ ಅವಳದ್ದೇ.

"ಯಾಕೆ ಸಾರ್ ಇಳೀಲಿಲ್ಲ?" ಮೇಷ್ಟ್ರು ಬಟ್ಟೆಯ ತುದಿ ಬಿಟ್ಟು ಎದ್ದರು.

"ಸರಿ ಇರ್ಲಿಲ್ಲ ಮೇಷ್ಟ್ರೇ, ಅದಕ್ಕೇ ಬಿಟ್ಟಳು. ಈಗ ನನಗೆ ನಂಬಿಕೆ ಬಂತು. ನೋಡ್ತಾ ಇರಿ."

ಎರಡನೇ ಸಲ ಬಂದಾಗ ಅವಳ ಕಾಲು ರಡರಿನ ಪೆಡಲಿನ ಮೇಲೆ ಗಟ್ಟಿಯಾಗಿ ಕೂತಿತ್ತು. ಬಲ ರೆಕ್ಕೆ ಕೆಳಗೆ, ಮೂಗು ನೇರ. ಬಯಲಿನ ತುದಿಯ ಬೇಲಿ ದಾಟಿದ ಕೂಡಲೇ ಎಂಜಿನ್ ಸದ್ದು ಫಕ್ಕನೆ ನಿಂತಿತು. ಸ್ವಿಚ್ ಆಫ್. ರೆಕ್ಕೆಯ ಬಟ್ಟೆ ಪಟಪಟ ಅನ್ನುವುದು ಮಾತ್ರ ಕೇಳುತ್ತಿತ್ತು. ಬಲಚಕ್ರ ಹುಲ್ಲು ಮುಟ್ಟಿತು. ಎಡಗಡೆ ಗಾಳಿಯಲ್ಲಿ. ಓಡುತ್ತಿದೆ, ಎಡಗಡೆ ಇನ್ನೂ ಗಾಳಿಯಲ್ಲಿ. ರೆಕ್ಕೆ ಬಗ್ಗಿಸುವ ಸ್ಟಿಕ್ಕನ್ನು ಅವಳು ಪೂರ್ತಿ ಬಲಕ್ಕೆ ಒತ್ತಿ ಹಿಡಿದಿದ್ದಾಳೆ. ವೇಗ ತಗ್ಗುತ್ತಾ, ತಗ್ಗುತ್ತಾ, ಇನ್ನೇನು ನಡಿಗೆಯ ವೇಗಕ್ಕೆ ಬಂತು ಅನ್ನುವಾಗ ಎಡ ರೆಕ್ಕೆ ಸುಸ್ತಾದ ಹಾಗೆ ಮೆಲ್ಲಗೆ ಇಳಿಯಿತು. ಸರಳು ಒದ್ದೆ ಹುಲ್ಲನ್ನು ಗೀರಿಕೊಂಡು ಜಾರಿತು. ವಿಮಾನ ಎಡಕ್ಕೆ ಅರ್ಧ ಸುತ್ತು ತಿರುಗಿ, ರೆಕ್ಕೆಯ ತುದಿ ನೆಲಕ್ಕೊರಗಿ, ನಿಂತಿತು.

ಮಗುಚಲಿಲ್ಲ!

ನಾವು ತಲುಪುವಷ್ಟರಲ್ಲಿ ಅವಳು ಬೆಲ್ಟು ಬಿಚ್ಚಿ, ಕೆಳಗಿಳಿದು, ಸರಳಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು.

"ಸಾರ್, ಮೊದಲು ನೀವು ತೊಡೆ ತಟ್ಟಿದಾಗ ಏನೋ ಚಾಲೆಂಜ್ ಮಾಡ್ತಿದೀರ ಅನ್ಕೊಂಡೆ!"

ಎಲ್ಲರೂ ಹೋ ಎಂದು ನಕ್ಕೆವು. ಮೇಷ್ಟ್ರು ನಗುತ್ತಲೇ ಹುಲ್ಲಿನ ಮೇಲೆ ಕೂತು ಅತ್ತುಬಿಟ್ಟರು. ಅವಳು ಹೋಗಿ ಅವರ ಪಕ್ಕದಲ್ಲಿ ಕೂತಳು. ಫ್ಲಾಸ್ಕಿನ ಕಾಫಿ ಆರಿಹೋಗಿತ್ತು, ಎಲ್ಲರೂ ಹಂಚಿಕೊಂಡು ಕುಡಿದೆವು.

ಬಿಸಿಲು ಬಂದ ಮೇಲೆ ನಾವೆಲ್ಲ ಸಾಲಾಗಿ ರನ್‌ವೇ ಉದ್ದಕ್ಕೂ ನಡೆದೆವು. ಕಲ್ಲು ಸಿಕ್ಕಿತು. ವಾರದ ನಡುವೆ ಯಾರದೋ ಎತ್ತಿನ ಗಾಡಿ ಅಡ್ಡ ಹಾದು, ಅದರ ಚಕ್ರ ಮಣ್ಣು ಕಿತ್ತು, ಒಳಗಿದ್ದ ಬಂಡೆಯ ಮೂಲೆ ಹೊರಗೆ ಬಂದಿತ್ತು. ಗಾಡಿಯಿಂದ ಬಿದ್ದ ಹುಲ್ಲು ಮೇಲೆ ಮುಚ್ಚಿಕೊಂಡಿತ್ತು. ವಿಮಾನವನ್ನು ಅಷ್ಟು ಮುಟ್ಟಿ ಮುಟ್ಟಿ ನೋಡುತ್ತಿದ್ದ ನಾವು ನೆಲವನ್ನು ನೋಡುತ್ತಿರಲಿಲ್ಲ. ಅವತ್ತಿನಿಂದ ಹಾರುವ ಮೊದಲು ರನ್‌ವೇ ನಡೆದು ನೋಡುವುದು ನಿಯಮವಾಯಿತು. ಕಲಿಯುವವರಿಗೆ ಓರೆಗಾಳಿಯ ಪಾಠ ಮುಗಿಯದೆ ಪೂರ್ತಿ ಸುತ್ತು ಇಲ್ಲ ಅಂತಲೂ ಬರೆದುಕೊಂಡೆವು.

ಬಂಡೆಯನ್ನು ಹಾರೆಯಿಂದ ಎಬ್ಬಿಸುತ್ತಿದ್ದಾಗ ಅವಳು ನನ್ನ ಹತ್ತಿರ ಬಂದಳು.

"ಸಾರ್, ನಿಮ್ಮ ಮೆಷೀನಲ್ಲಿ ಇನ್ನೊಂದು ಸುತ್ತು ಹೋಗ್ಲಾ? ಇವತ್ತೇ. ಮನೆಗೆ ಹೋಗಿ ಯೋಚನೆ ಮಾಡ್ತಾ ಕೂತ್ರೆ ಮುಂದಿನ ವಾರ ಬರ್ತೀನೋ ಇಲ್ವೋ ಗೊತ್ತಿಲ್ಲ."

ಅವಳ ಕೈ ನೋಡಿದೆ. ನಡುಗುತ್ತಿರಲಿಲ್ಲ. ಗಾಳಿ ನೋಡಿದೆ. ಹೆಚ್ಚಾಗಿರಲಿಲ್ಲ. ಆಮೇಲೆ ಅವಳ ತಂದೆಯ ಕಡೆ ನೋಡಿದೆ.

"ನನ್ನನ್ನ ಕೇಳ್ಬೇಡಿ," ಅಂದರು ಮೇಷ್ಟ್ರು. "ಕೇಳಿದ್ರೆ ಬೇಡ ಅಂತೀನಿ. ಅದಕ್ಕೇ ಕೇಳ್ಬೇಡಿ."

ನಾನು ಕೇಳಲಿಲ್ಲ. ಅವಳು ಮೂಗಿನಿಂದ ಬಾಲದ ತನಕ, ಒಂದೊಂದನ್ನೂ ಬಾಯಲ್ಲಿ ಹೇಳುತ್ತಾ, ಮುಟ್ಟಿ ನೋಡಿದಳು. ಮೆಕ್ಯಾನಿಕ್ ಪೆಟ್ರೋಲ್ ತುಂಬಿದ. ಅವಳು ಹೋದಳು. ತೋಪಿನ ಮೇಲೆ, ಕೆರೆಯ ಮೇಲೆ ದೊಡ್ಡದಾಗಿ ಒಂದು ಸುತ್ತು ಹಾಕಿ ಬಂದು, ಎಲ್ಲ ಚಕ್ರ ಇದ್ದ ವಿಮಾನವನ್ನು ಹೂವಿಟ್ಟ ಹಾಗೆ ಇಳಿಸಿದಳು.

ಅವಳು ಎಂಜಿನ್ ನಿಲ್ಲಿಸುವ ತನಕ ಮೇಷ್ಟ್ರು ಕಣ್ಣು ಮಿಟುಕಿಸಲಿಲ್ಲ. ಆಮೇಲೆ ನನ್ನ ತೋಳು ಹಿಡಿದು, ಮಗಳಿಗೆ ಕೇಳಿಸದ ಹಾಗೆ, ಮೆಲ್ಲಗೆ ವಿಚಾರಿಸಿದರು.

"ಸಾರ್, ಈ ಕ್ಲಬ್ಬಿಗೆ ವಯಸ್ಸಿನ ಮಿತಿ ಏನಾದ್ರೂ ಇದೆಯಾ?"